ಕ್ಲಾರಿನೆಟ್ ಚಿನ್ನಪ್ಪನವರ ಕತ್ತಿನ ಅಳತೆ

1981ನೇ ಇಸವಿ ಜನವರಿ 19, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಚಾಮರಾಜಪೇಟೆಯ ನಮ್ಮ ಸೋದರಮಾವನ ಟೈಲರಿಂಗ್ ಅಂಗಡಿಯಲ್ಲಿ ನಾನು ಕಟಿಂಗ್ ಕೆಲಸಕ್ಕೆ ಸೇರಿ ಆಗ ನಾಲ್ಕು ವರ್ಷವಾಗಿತ್ತು. ನನಗೆ ಇಪ್ಪತ್ತೆರಡು ವಯಸ್ಸು. ಮದುವೆ ಮೆರವಣಿಗೆಗಳಲ್ಲಿ ನುಡಿಸುವ ಒಂದು ಬ್ಯಾಂಡ್‌ಸೆಟ್ಟಿನ ಯಜಮಾನ ವರದಪ್ಪನವರು ಅಂಗಡಿಗೆ ಬಂದು ಒಂದು ಕೆಂಪು ಕೋಟನ್ನು ಮೇಜಿನ ಮೇಲೆ ಹಾಕಿದರು.

"ಏನ್ ಟೈಲರ್ರೇ, ಕಾಲರ್ ಹೊಲಿದಿದೀರೋ, ಕುಣಿಕೆ ಹೊಲಿದಿದೀರೋ? ನಮ್ಮ ಚಿನ್ನಪ್ಪಂಗೆ ಹುಕ್ಕು ಹಾಕೋಕೇ ಆಗ್ತಿಲ್ಲ."

ಬ್ಯಾಂಡಿನವರದು ಕ್ಲೋಸ್ ಕಾಲರ್ ಕೋಟು. ಕತ್ತಿನ ಮುಂಭಾಗದಲ್ಲಿ ಹುಕ್ಕು ಬಿಗಿಯಾಗಿ ಕೂರಬೇಕು. ಕಾಲು ಇಂಚು ತಪ್ಪಿದರೂ ಊದುವವರಿಗೆ ಉಸಿರು ಕಟ್ಟುತ್ತದೆ. ಹನ್ನೆರಡು ಹೊಸ ಕೋಟುಗಳನ್ನು ಹಿಂದಿನ ವಾರವಷ್ಟೇ ಕೊಟ್ಟಿದ್ದೆವು. ಆ ಹನ್ನೆರಡಕ್ಕೂ ಅಳತೆ ತೆಗೆದಿದ್ದು 1979ರ ಆಗಸ್ಟಿನಲ್ಲಿ. ಈ ಸಲ ವರದಪ್ಪನವರು, "ಜನ ಅವರೇ, ಅಳತೆ ಅದೇ, ಮತ್ತೆ ಟೇಪು ಯಾಕೆ?" ಎಂದಿದ್ದರು. ಕೆಲಸ ಕಡಿಮೆಯಾಯಿತೆಂದು ನಾನೂ ಒಪ್ಪಿಕೊಂಡಿದ್ದೆ.

ಅಳತೆ ಪುಸ್ತಕ ತೆಗೆದು ನೋಡಿದೆ. ಚಿನ್ನಪ್ಪ, ಕ್ಲಾರಿನೆಟ್, ಕತ್ತು ಹದಿನಾಲ್ಕೂಕಾಲು. ಕೋಟಿನ ಕಾಲರ್ ಅಳೆದರೆ ಹದಿನೈದು, ಅಂದರೆ ಮುಕ್ಕಾಲು ಇಂಚು ಸಡಿಲ ಬಿಟ್ಟೇ ಕತ್ತರಿಸಿದ್ದೆ. ತಪ್ಪು ನನ್ನದಲ್ಲ ಎಂದೆ. ವರದಪ್ಪನವರು ನಕ್ಕರು.

"ಹಂಗಾದ್ರೆ ಅವನ ಕತ್ತು ಬೆಳೀತಾ? ಇಪ್ಪತ್ತು ವರ್ಷ ಊದಿದ್ರೆ ಕತ್ತು ಊದ್ಕೊಳ್ಳುತ್ತೆ ಅಂತ ಮೊದ್ಲೇ ಗೊತ್ತಿರ್ಬೇಕಪ್ಪ ನಿಮಗೆ. ಹೋಗಲಿ, ಬೇರೆಯವನ ಅಳತೆಗೆ ಆ ಕೋಟು ಬಿಚ್ಚಿಡಿ. ಹೇಗೂ ಅವನನ್ನ ಬ್ಯಾಂಡಿಂದ ತೆಗೀತಿದೀನಿ. ಕೈ ನಡುಗುತ್ತೆ, ಕಣ್ಣು ಕೆಂಪಗೆ ಹೊರಗೆ ಬಂದಿದೆ. ಬೆಳಗಾಗ್ತಿದ್ದ ಹಾಗೇ ಕುಡಿಯೋಕೆ ಶುರು ಮಾಡಿದಾನೆ ಅಂತ ಕಾಣುತ್ತೆ."

ನಿಜ ಹೇಳಬೇಕು. ಚಿನ್ನಪ್ಪನವರ ಆರೋಗ್ಯದ ಯೋಚನೆ ಆಗ ನನಗೆ ಬರಲೇ ಇಲ್ಲ. ನನ್ನ ಕಾಲರ್ ಸರಿಯಾಗಿತ್ತೆಂದು ತೋರಿಸಬೇಕಿತ್ತು, ಅಷ್ಟೆ. ಮರುದಿನ ಸಂಜೆ ಟೇಪು, ಪುಸ್ತಕ ಹಿಡಿದು ಬ್ಯಾಂಡಿನವರು ಅಭ್ಯಾಸ ಮಾಡುವ ಕೋಣೆಗೆ ಹೋಗಿ ಹನ್ನೆರಡು ಜನರನ್ನೂ ಮತ್ತೆ ಅಳೆದೆ. ಊದುವವರು ಆರು, ಬಾರಿಸುವವರು ಆರು. ಹನ್ನೊಂದು ಜನರ ಕತ್ತು ಹೆಚ್ಚೆಂದರೆ ಕಾಲು ಇಂಚು ಆಚೀಚೆ. ಚಿನ್ನಪ್ಪನವರದು ಮಾತ್ರ ಹದಿನೈದೂಮುಕ್ಕಾಲು. ಒಂದೂವರೆ ಇಂಚು ಹೆಚ್ಚು. ಆದರೆ ಸೊಂಟ ಮೂವತ್ತೊಂದರಿಂದ ಇಪ್ಪತ್ತೇಳೂವರೆಗೆ ಇಳಿದಿತ್ತು. ಎದೆ ಮೂವತ್ತಾರು ಇದ್ದದ್ದು ಮೂವತ್ತಮೂರೂವರೆ. ಎರಡು ಸಲ ಅಳೆದೆ. ಮೈ ಇಳಿದವರ ಕತ್ತೂ ಇಳಿಯುತ್ತದೆ, ಮೈ ಬಂದವರ ಕತ್ತೂ ದಪ್ಪವಾಗುತ್ತದೆ. ಒಂದು ಏರಿ ಇನ್ನೊಂದು ಇಳಿದದ್ದನ್ನು ನಮ್ಮ ಪುಸ್ತಕದಲ್ಲಿ ನಾನು ಕಂಡಿರಲಿಲ್ಲ.

"ಊದಿ ಊದಿ ಕತ್ತು ಬಂದಿದ್ದರೆ ಉಳಿದ ಐದು ಜನಕ್ಕೂ ಬರ್ಬೇಕಿತ್ತಲ್ಲ ಯಜಮಾನ್ರೇ?" ಎಂದು ಪುಸ್ತಕವನ್ನು ವರದಪ್ಪನವರ ಮುಂದೆ ಹಿಡಿದೆ. ಟ್ರಂಪೆಟ್ಟಿನವರು ಚಿನ್ನಪ್ಪನವರಿಗಿಂತ ಆರು ವರ್ಷ ಮೊದಲಿನಿಂದ ಊದುತ್ತಿದ್ದರು. ಅವರ ಕತ್ತು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ವರದಪ್ಪನವರು ಎಲೆಗೆ ಸುಣ್ಣ ಹಚ್ಚತೊಡಗಿದರು.

ಚಿನ್ನಪ್ಪನವರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಜನವರಿಯ ಚಳಿಯಲ್ಲಿ ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅವರಿಗೆ ಮೂವತ್ತೆಂಟು ವರ್ಷ. ಇಬ್ಬರು ಹೆಣ್ಣುಮಕ್ಕಳು ಶಾಲೆಯಲ್ಲಿದ್ದರು. ಬ್ಯಾಂಡ್ ಬಿಟ್ಟರೆ ಬೇರೆ ಕೆಲಸ ಕಲಿತವರಲ್ಲ. "ನಾನು ಕುಡಿದಿಲ್ಲ ಟೈಲರ್ರೇ," ಎಂದರು. "ಎದೆ ಮಾತ್ರ ಸೈಡ್ ಡ್ರಮ್ ಥರ ಹೊಡ್ಕೊಳ್ತಾನೇ ಇರುತ್ತೆ."

ಜೊತೆಯಲ್ಲಿ ಅವರ ಮನೆಗೆ ಹೋದೆ. ಹೆಂಡತಿ ಸರೋಜಮ್ಮ ಹೇಳಿದ್ದು ಕೇಳಿ ಇನ್ನಷ್ಟು ಆಶ್ಚರ್ಯವಾಯಿತು. "ಮೂರು ಮುದ್ದೆ ತಿಂತಾರೆ ಅಣ್ಣ. ಕೈ ತೊಳೆದ ಮೇಲೆ ಅನ್ನ ಇದೆಯಾ ಅಂತಾರೆ. ತಿಂದದ್ದೆಲ್ಲ ಎಲ್ಲಿಗ್ ಹೋಗುತ್ತೋ. ಹೊಟ್ಟೇಲಿ ಹುಳ ಇದೆ ಅಂತ ಎರಡು ಸಲ ಹರಳೆಣ್ಣೆ ಕುಡಿಸ್ದೆ. ಹುಳಾನೂ ಬರ್ಲಿಲ್ಲ, ಹಸಿವೂ ಹೋಗ್ಲಿಲ್ಲ."

ಡಾಕ್ಟರ ಹತ್ತಿರ ಹೋಗೋಣವೆಂದರೆ ಚಿನ್ನಪ್ಪನವರು ಒಪ್ಪಲಿಲ್ಲ. "ಜ್ವರ ಇಲ್ಲ, ಗಾಯ ಇಲ್ಲ. ಹೋಗಿ ಏನಂತ ಹೇಳ್ಲಿ?"

"ನೀವೇನೂ ಹೇಳ್ಬೇಡಿ. ಪುಸ್ತಕ ತೋರಿಸೋಣ," ಎಂದೆ.

ಜನವರಿ 22, ಗುರುವಾರ. ನಮ್ಮ ಬೀದಿಯ ಕೊನೆಯ ಕ್ಲಿನಿಕ್ಕಿನಲ್ಲಿದ್ದ ಡಾಕ್ಟರಮ್ಮ ಮೊದಲು ಚಿನ್ನಪ್ಪನವರ ನಾಡಿ ಹಿಡಿದರು: ನಿಮಿಷಕ್ಕೆ ನೂರ ಇಪ್ಪತ್ತನಾಲ್ಕು. ಎರಡೂ ಕೈ ಮುಂದಕ್ಕೆ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಫ್ಯಾನ್ ನಿಂತಿತ್ತು, ಆದರೂ ಹಾಳೆ ಪಟಪಟ ಅದುರುತ್ತಿತ್ತು. ಆಮೇಲೆ ಒಂದು ಲೋಟ ನೀರು ಕೊಟ್ಟು ಕತ್ತನ್ನೇ ನೋಡುತ್ತ ನುಂಗಲು ಹೇಳಿದರು. ನುಂಗಿದಾಗ ಗಂಟಲ ಮುಂದಿನ ಉಬ್ಬು ಮೇಲೆ ಹೋಗಿ ಕೆಳಗೆ ಬಂತು. ಅಷ್ಟು ಹತ್ತಿರದಿಂದ ಟೇಪು ಹಿಡಿದಿದ್ದ ನಾನು ಆ ಉಬ್ಬನ್ನು ನೋಡಿರಲಿಲ್ಲ.

"ಎಂದಿನಿಂದ ಹೀಗೆ?" ಎಂದು ಕೇಳಿದರು.

"ಗೊತ್ತಿಲ್ಲಮ್ಮ. ದಸರಾದಿಂದ ಇರ್ಬಹುದು."

ನಾನು ರಿಪೇರಿ ಚೀಟಿಗಳ ಕಟ್ಟನ್ನೂ ತಂದಿದ್ದೆ. 1980ರ ಜೂನ್ 12ರಂದು ಚಿನ್ನಪ್ಪನವರ ಪ್ಯಾಂಟಿನ ಸೊಂಟ ಒಂದು ಇಂಚು ಬಿಗಿ ಮಾಡಿಕೊಟ್ಟಿದ್ದೆ. ಅಕ್ಟೋಬರ್ 30ರಂದು ಇನ್ನೂ ಒಂದೂವರೆ ಇಂಚು. ಎರಡು ಚೀಟಿಯನ್ನೂ ಬರೆದವನು ನಾನೇ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿರಲಿಲ್ಲ. ಡಾಕ್ಟರಮ್ಮ ಆ ತಾರೀಖುಗಳನ್ನು ತಮ್ಮ ಕಾಗದದಲ್ಲಿ ಬರೆದುಕೊಂಡರು. "ರೋಗಿಗಳು ಇಷ್ಟು ಸರಿಯಾಗಿ ಹೇಳಲ್ಲ," ಎಂದರು.

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆ. ಹೆಸರು ಥೈರಾಯ್ಡ್. ಅದರಿಂದ ರಕ್ತಕ್ಕೆ ಸೇರುವ ಹಾರ್ಮೋನು ದೇಹ ಎಷ್ಟು ವೇಗವಾಗಿ ನಡೆಯಬೇಕೆಂದು ನಿಗದಿ ಮಾಡುತ್ತದೆ. ಅದು ಕಡಿಮೆಯಾದರೆ ಮೈ ಭಾರ, ಚಳಿ, ಮಂಕು. ಹೆಚ್ಚಾದರೆ ಪಂಪ್ ಸ್ಟೌವಿಗೆ ಅಳತೆ ಮೀರಿ ಗಾಳಿ ಹಾಕಿದ ಹಾಗೆ: ಎಷ್ಟು ತಿಂದರೂ ಉರಿದುಹೋಗುತ್ತದೆ, ಬೆವರು, ನಡುಕ, ನಿದ್ದೆ ಇಲ್ಲ, ಕೆಲವರಿಗೆ ಕಣ್ಣು ಮುಂದೆ ಬರುತ್ತದೆ. ಎದೆಬಡಿತ ಇಳಿಸುವ ಮಾತ್ರೆಯನ್ನು ಅಂದೇ ಕೊಟ್ಟರು. ರಕ್ತ ಪರೀಕ್ಷೆಗೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು.

ಆ ಚೀಟಿಯನ್ನು ವರದಪ್ಪನವರಿಗೂ ತೋರಿಸಿದೆವು.

"ಗಂಟಲಲ್ಲಿ ಚಿಟ್ಟೆನಾ? ಮೂವತ್ತು ವರ್ಷದಿಂದ ಊದೋರನ್ನ ನೋಡಿದೀನಿ, ಯಾರಿಗೂ ಚಿಟ್ಟೆ ಇರ್ಲಿಲ್ಲ."

"ಎಲ್ರಿಗೂ ಇದೆ ಯಜಮಾನ್ರೇ. ನಿಮಗೂ ಇದೆ."

ಅವರು ತಮ್ಮ ಗಂಟಲನ್ನೊಮ್ಮೆ ಸವರಿಕೊಂಡರು. ಆಮೇಲೆ ಚಿನ್ನಪ್ಪನವರಿಗೆ, "ನೋಡಪ್ಪ, ವೈಶಾಖದ ಲಗ್ನಗಳೊಳಗೆ ಕೈ ನಿಂತ್ರೆ ನಿನ್ನ ಜಾಗ ನಿಂದೇ. ಅಲ್ಲೀವರೆಗೆ ಬೇರೆಯವನನ್ನ ಕರೀತೀನಿ. ಅದಕ್ಕಿಂತ ಜಾಸ್ತಿ ಕಾಯೋಕಾಗಲ್ಲ," ಎಂದರು.

ಫೆಬ್ರವರಿ 5ಕ್ಕೆ ರಕ್ತದ ವರದಿ ಬಂತು. ಹಾರ್ಮೋನು ಇರಬೇಕಾದದ್ದಕ್ಕಿಂತ ಬಹಳ ಹೆಚ್ಚಿತ್ತು. ಅಂದಿನಿಂದ ಅದನ್ನು ಇಳಿಸುವ ಕಾರ್ಬಿಮಜೋಲ್ ಮಾತ್ರೆ ದಿನಕ್ಕೆ ಮೂರು ಹೊತ್ತು. ಗಂಟಲು ನೋವಿನ ಜೊತೆ ಜ್ವರ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಓಡಿ ಬರಬೇಕು, ಬೇರೆ ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಕೂಡದು ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ನಾಡಿ ಇಳಿಯುವವರೆಗೆ ಕ್ಲಾರಿನೆಟ್ ಮುಟ್ಟಕೂಡದು ಎಂದೂ ಹೇಳಿದರು. ಸರೋಜಮ್ಮ ವಾದ್ಯವನ್ನು ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು.

ಎರಡು ವಾರಕ್ಕೊಮ್ಮೆ, ಗುರುವಾರ, ಚಿನ್ನಪ್ಪನವರು ಅಂಗಡಿಗೆ ಬಂದು ಅಳತೆ ಕೊಡುವುದೆಂದು ಮಾಡಿಕೊಂಡೆವು. ಫೆಬ್ರವರಿ 19: ಸೊಂಟ ಇಪ್ಪತ್ತೇಳೂವರೆ, ಬದಲಾವಣೆ ಇಲ್ಲ. ಮಾರ್ಚ್ 5: ಇಪ್ಪತ್ತೆಂಟು. ಮಾರ್ಚ್ 19: ಇಪ್ಪತ್ತೆಂಟೂಮುಕ್ಕಾಲು. ಕೈ ನಡುಕ ಹೆಚ್ಚುಕಡಿಮೆ ನಿಂತಿತ್ತು. ನಮ್ಮ ಮಾವ ಕೂಡ ಪುಸ್ತಕ ಇಣುಕಿ ನೋಡಿ, "ಗಿರಾಕಿ ದಪ್ಪ ಆದ್ರೆ ಹಿಂಗೆ ಖುಷಿಪಡೋ ಟೈಲರ್ರನ್ನ ನೋಡಿರ್ಲಿಲ್ಲ," ಎಂದರು. ಏಪ್ರಿಲ್ 2: ಅಷ್ಟೇ. ಏಪ್ರಿಲ್ 16: ಇಪ್ಪತ್ತೆಂಟು.

ಟೇಪನ್ನು ಬಿಚ್ಚಿ ಮತ್ತೆ ಸುತ್ತಿದೆ. ಇಪ್ಪತ್ತೆಂಟೇ.

"ಮಾತ್ರೆ ತಗೋತಿದೀರಾ ಚಿನ್ನಪ್ಪನವರೇ?"

ಅವರು ಬೀದಿಯ ಕಡೆ ನೋಡಿದರು. "ವಾಸಿ ಆಗಿತ್ತಲ್ಲ. ಮಾರ್ಚ್ 19ರ ಅಳತೆ ಆದ್ಮೇಲೆ ಬಿಟ್ಟೆ. ಅವಳಿಗೆ ಹೇಳ್ಬೇಡಿ."

ನಾನು ಹೇಳಿದೆ. ಸರೋಜಮ್ಮ ಮಾತ್ರೆಯ ಡಬ್ಬಿಯನ್ನು ತಮ್ಮ ಸೆರಗಿಗೆ ಕಟ್ಟಿಕೊಂಡರು. ಅಂದಿನಿಂದ ಮೂರು ಹೊತ್ತೂ ಅವರ ಕಣ್ಣೆದುರಿಗೇ ನುಂಗಬೇಕಾಯಿತು. ವೈಶಾಖ ಹತ್ತಿರ ಬಂದಿತ್ತು. ಮಾತ್ರೆಯಿಲ್ಲದೆ ಕಳೆದದ್ದು ನಾಲ್ಕು ವಾರ. ಡಾಕ್ಟರಮ್ಮ ಬೈದು, ಪ್ರಮಾಣ ಸರಿಮಾಡಿ ಮತ್ತೆ ಶುರುಮಾಡಿದರು. ಏಪ್ರಿಲ್ 30ಕ್ಕೆ ಇಪ್ಪತ್ತೆಂಟೂವರೆ, ಮೇ 14ಕ್ಕೆ ಇಪ್ಪತ್ತೊಂಬತ್ತೂಕಾಲು. ನಾಡಿ ಎಂಬತ್ತು. ಅಂದೇ ಅರ್ಧ ಗಂಟೆ ಊದಲು ಒಪ್ಪಿಗೆ ಸಿಕ್ಕಿತು. ಕತ್ತು ಹದಿನೈದೂಕಾಲಿಗೆ ನಿಂತಿತ್ತು. ಆ ಅಳತೆಗೆ ಹೊಸ ಕಾಲರ್ ಕೂರಿಸಿದೆ.

1981ರ ಮೇ 23, ಶನಿವಾರ. ಬಸವನಗುಡಿಯಲ್ಲಿ ಒಂದು ವರಪೂಜೆಯ ಮೆರವಣಿಗೆ. ವರದಪ್ಪನವರು ಬದಲಿಯವನನ್ನೂ ಕರೆದು ಸಿದ್ಧವಾಗಿ ನಿಲ್ಲಿಸಿಕೊಂಡಿದ್ದರು. ನಾನು ಜನರ ಜೊತೆ ನಡೆದೆ. ಏಳು ಗಂಟೆ ಹತ್ತು ನಿಮಿಷಕ್ಕೆ ದೇವಸ್ಥಾನದ ಮುಂದೆ ಶುರು. ಎಂಟು ಗಂಟೆ ಐದು ನಿಮಿಷಕ್ಕೆ ಛತ್ರದ ಬಾಗಿಲು. ಹಾಡುಗಳು ಒಂಬತ್ತು. ಡಾಕ್ಟರ ಮಾತಿನಂತೆ ಚಿನ್ನಪ್ಪನವರು ಮಧ್ಯೆ ನಾಲ್ಕಕ್ಕೆ ಸುಮ್ಮನಿದ್ದು ಐದನ್ನು ನುಡಿಸಿದರು. ಕೊನೆಯದರಲ್ಲಿ ಉಳಿದ ಹನ್ನೊಂದು ವಾದ್ಯಗಳೂ ನಿಂತು ಕ್ಲಾರಿನೆಟ್ ಒಂದೇ ಹೋಗುವ ಜಾಗವಿದೆ. ನನ್ನ ಕಣ್ಣು ಅವರ ಬೆರಳುಗಳ ಮೇಲಿತ್ತು. ಒಂದೂ ಅಲುಗಲಿಲ್ಲ, ಅಲುಗಬೇಕಾದಾಗ ಬಿಟ್ಟು. ವರನ ಕಾರಿನ ಹಿಂದಿದ್ದ ಹೆಂಗಸರು ಮಾತು ನಿಲ್ಲಿಸಿದರು. ಸ್ವರ ಮುಗಿದಾಗ ವರನೇ ಕಾರಿನೊಳಗಿಂದ ಚಪ್ಪಾಳೆ ತಟ್ಟಿದ.

ವರದಪ್ಪನವರು ಛತ್ರದ ಮುಂದೆ ಹನ್ನೆರಡೂ ಜನರನ್ನು ನಿಲ್ಲಿಸಿಕೊಂಡರು. "ಇವನು ಕುಡೀತಾನೆ ಅಂತ ಊರೆಲ್ಲ ಹೇಳಿದ್ದೋನು ನಾನು. ಅದು ಸುಳ್ಳು ಅಂತಾನೂ ನಾನೇ ಹೇಳ್ಬೇಕು, ಹೇಳಿದೀನಿ," ಎಂದರು. ಬದಲಿಯವನನ್ನು ಕಳುಹಿಸಲಿಲ್ಲ, ಎರಡನೇ ಕ್ಲಾರಿನೆಟ್ಟಿಗೆ ಇಟ್ಟುಕೊಂಡರು.

ಚಿನ್ನಪ್ಪನವರು ಒಟ್ಟು ಹದಿನೆಂಟು ತಿಂಗಳು ಮಾತ್ರೆ ನುಂಗಿದರು. 1982ರ ಆಗಸ್ಟಿನಿಂದ ಮಾತ್ರೆ ಇಲ್ಲ. ರೋಗ ಮರುಕಳಿಸಬಹುದೆಂದು ಡಾಕ್ಟರಮ್ಮ ಎಚ್ಚರಿಸಿರುವುದರಿಂದ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇದೆ. ಇದನ್ನು ಬರೆಯುತ್ತಿರುವ 1983ರ ನವೆಂಬರಿನವರೆಗೆ ಎಲ್ಲವೂ ಸರಿಯಾಗಿದೆ. ಸೊಂಟ ಮೂವತ್ತೊಂದೂವರೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಹಳೆಯ ಅಳತೆಯ ಮೇಲೆ ಹೊಸ ಬಟ್ಟೆಗೆ ಕತ್ತರಿ ಹಾಕಬಾರದು. ಅಳತೆ ಬರೆದಿಟ್ಟರೆ ಸಾಲದು, ಹಿಂದಿನ ಪುಟ ತಿರುಗಿಸಿ ನೋಡಬೇಕು. ಜೂನ್ ತಿಂಗಳ ಆ ಒಂದು ಇಂಚಿಗೆ ನಾನು ಕಾರಣ ಕೇಳಿದ್ದರೆ ಒಬ್ಬ ಮನುಷ್ಯ ಏಳು ತಿಂಗಳು ನರಳಿ, ಕೊನೆಗೆ ಕುಡುಕ ಎನ್ನಿಸಿಕೊಳ್ಳುತ್ತಿರಲಿಲ್ಲ.

ಒಂದು ವಿಷಯ ನನಗಿನ್ನೂ ತಿಳಿದಿಲ್ಲ. ಸೊಂಟ ಇಳಿಯಲು ಶುರುವಾದಾಗ ಕತ್ತು ಎಷ್ಟಿತ್ತು? ಪ್ಯಾಂಟು ರಿಪೇರಿಗೆ ಬಂದವರ ಕತ್ತನ್ನು ಯಾರೂ ಅಳೆಯುವುದಿಲ್ಲ, ನಾನೂ ಅಳೆಯಲಿಲ್ಲ. ಎರಡರಲ್ಲಿ ಯಾವುದು ಮೊದಲು ಎಂದು ಡಾಕ್ಟರಮ್ಮನನ್ನು ಕೇಳಿದರೆ ಎಲ್ಲರಲ್ಲೂ ಒಂದೇ ರೀತಿ ಅಲ್ಲ ಎಂದರು. ಓದುಗರಲ್ಲಿ ಟೈಲರುಗಳಿದ್ದರೆ, ಸೊಂಟ ಇಳಿದು ಕತ್ತು ಏರಿದ ಗಿರಾಕಿಗಳು ನಿಮ್ಮ ಪುಸ್ತಕದಲ್ಲೂ ಸಿಕ್ಕಿದರೆ, ಅಥವಾ ಈ ಕಾಯಿಲೆಯನ್ನು ಅನುಭವಿಸಿದವರು, ಬಲ್ಲವರು ಇದ್ದರೆ ದಯವಿಟ್ಟು ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಅಳತೆಯ ಪಕ್ಕದಲ್ಲಿ ತಾರೀಖು ಹಾಕಲು ಮರೆಯಬೇಡಿ.