ಭಾವ ತಂದ ಕ್ಲಾಂಪು

ಮೊನ್ನೆ ಸಂಜೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ನಡೆದು ಬರುವಾಗ ಆ ವಾಸನೆ ಮತ್ತೆ ಮೂಗಿಗೆ ಬಡಿಯಿತು. ಹೊಸ ರಬ್ಬರು, ಗ್ರೀಸು, ಅಗ್ಗದ ಬಣ್ಣ ಎಲ್ಲ ಬೆರೆತ ವಾಸನೆ. ನಿಮಗೂ ಗೊತ್ತಿರುತ್ತದೆ. ಮುಚ್ಚಿದ ಟಾಕೀಸೋ ಖಾಲಿ ಗೋಡೌನೋ ಬಾಡಿಗೆಗೆ ಸಿಕ್ಕಿದರೆ ಸಾಕು, ಒಳಗೆ ನೀಲಿ ಟಾರ್ಪಾಲು ಹಾಸಿ, ಸ್ಪ್ಯಾನರು, ಕಟಿಂಗ್ ಪ್ಲೇಯರು, ಡ್ರಿಲ್ಲು, ಮಚ್ಚು, ಟಾರ್ಚುಗಳನ್ನು ಗುಡ್ಡೆ ಸುರಿದು, ಮೈಕಿನಲ್ಲಿ ‘ಅರ್ಧ ಬೆಲೆ, ಅರ್ಧ ಬೆಲೆ’ ಎಂದು ಕೂಗಿಸುವ ಅಂಗಡಿ. ಕೆಲವು ದಿನ ಇದ್ದು ಹೋಗುತ್ತದೆ, ಇನ್ನೊಂದು ಹೆಸರಿನಲ್ಲಿ ಮತ್ತೆ ಬರುತ್ತದೆ. ನಾನು ಸೊಪ್ಪು ತರಲು ಹೊರಟವನು. ಸೊಪ್ಪಿನವಳು ಇನ್ನೂ ಮುಂದೆ ಕೂತಿದ್ದಳು, ನನ್ನ ಕಾಲು ಒಳಕ್ಕೆ ತಿರುಗಿತು.

ಇದಕ್ಕೊಂದು ಕಾರಣ ಹೇಳಬೇಕು. ಸರಿಯಾದ ಹಾರ್ಡ್‌ವೇರ್ ಅಂಗಡಿ ಎಂದರೆ ನನಗೆ ಮೊದಲಿನಿಂದಲೂ ಅಳುಕು. ಗಲ್ಲಾದ ಮೇಲೆ ಕೂತವರು ಕನ್ನಡಕದ ಮೇಲಿಂದ ನೋಡಿ, “ಎಷ್ಟಿಂಚು ಸಾ? ಯಾವುದ್ಕೆ?” ಎಂದು ಕೇಳುತ್ತಾರೆ. ಎಷ್ಟಿಂಚು ಎಂದು ನನಗೆ ಗೊತ್ತಿರುವುದಿಲ್ಲ, ಯಾವುದಕ್ಕೆ ಎಂಬುದಂತೂ ಇನ್ನೂ ತೀರ್ಮಾನವಾಗಿರುವುದಿಲ್ಲ. ಟಾರ್ಪಾಲಿನ ಅಂಗಡಿಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಎಷ್ಟು ಹೊತ್ತು ಬೇಕಾದರೂ ಕೆದಕಬಹುದು. ದಿನವೆಲ್ಲ ಆಫೀಸಿನಲ್ಲಿ ಸೀಲು ಒತ್ತುವ ಕೈಗೆ ಒಂದು ಸುತ್ತಿಗೆ ಸಿಕ್ಕಾಗ ಆಗುವ ಖುಷಿಯನ್ನು, ನೀವೂ ನನ್ನಂಥವರೇ ಆಗಿದ್ದರೆ, ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕೂತಷ್ಟು ಹೊತ್ತು ನಾನೂ ಮೈ ಬಗ್ಗಿಸಿ ದುಡಿಯುವವನೇ.

ಹೀಗೆ ತಂದ ಡ್ರಿಲ್ಲಿನಿಂದ ಒಮ್ಮೆ ನಮ್ಮ ತಾತನ ಫೋಟೋ ಹಾಕಲು ಗೋಡೆ ಕೊರೆದೆ. ಡ್ರಿಲ್ಲು ನಡುಗಿತು, ಹೊಗೆಯಾಡಿತು, ಗಾರೆಯ ಒಂದು ದೊಡ್ಡ ಹೆಂಟೆ ಕಾಲಬುಡಕ್ಕೆ ಬಿತ್ತು. ಆ ಗುಂಡಿ ಮುಚ್ಚುವಷ್ಟು ದೊಡ್ಡ ಫೋಟೋ ನಮ್ಮ ತಾತ ತೆಗೆಸಿಕೊಂಡಿರಲಿಲ್ಲವಾದ್ದರಿಂದ ಈಗ ಅಲ್ಲಿ ಬ್ಯಾಂಕಿನ ಕ್ಯಾಲೆಂಡರ್ ಇದೆ. “ನಮ್ಮನೇಲಿ ಎಲ್ಲಾ ಸಾಮಾನೂ ಅವೆ ಕಣ್ರಿ, ಗೋಡೆ ಒಂದ್ ಬುಟ್ಟು” ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ. ಆ ನಗೆಯಲ್ಲಿ ನಾನೂ ಸೇರಿಕೊಳ್ಳುತ್ತೇನೆ. ನಗಲಾಗದ್ದು ಬೇರೆ ಇದೆ, ಅದು ಕಾಮಗೆರೆಯದು.

ಕಾಮಗೆರೆಯಲ್ಲಿ ನನ್ನ ತಂಗಿ ರತ್ನ ಇದ್ದಾಳೆ. ಅವಳ ಗಂಡ ಮಾದೇಶ, ಅರಿಶಿನ ಬೆಳೆಯುವವನು, ಮಾತು ಕಡಿಮೆ. ನಾವು ಮಾಂಬಳ್ಳಿಯವರು. ನಮ್ಮ ಕಡೆ ತವರಿನ ಅಣ್ಣ ತಂದುಕೊಟ್ಟದ್ದನ್ನು ಅವನು ಬಂದಾಗ ಅವನ ಕಣ್ಣಿಗೆ ಬೀಳುವಂತೆ ಬಳಸುವುದು ಒಂದು ಮರ್ಯಾದೆ. ಕೊಟ್ಟ ಸೀರೆ ಉಟ್ಟುಕೊಂಡೇ ಬಾಗಿಲು ತೆಗೆಯುತ್ತಾರೆ, ಕೊಟ್ಟ ತಟ್ಟೆಯಲ್ಲೇ ಊಟ ಬಡಿಸುತ್ತಾರೆ. ಸೀರೆ, ತಟ್ಟೆಯಾದರೆ ಸರಿ. ನಾನು ಕೊಡುತ್ತಿದ್ದದ್ದು ಟಾರ್ಪಾಲಿನ ಮೇಲಿನ ಸಾಮಾನು. ಗೃಹಪ್ರವೇಶಕ್ಕೆ ಸ್ಪ್ಯಾನರ್ ಸೆಟ್ಟು, ಗೌರಿ ಹಬ್ಬಕ್ಕೆ ರತ್ನಳಿಗೆ ಸೀರೆಯ ಜೊತೆ ಮಾದೇಶನಿಗೊಂದು ಗರಗಸ, ಆಮೇಲೆ ಟಾರ್ಚು, ಔಷಧಿ ಹೊಡೆಯುವ ಪಂಪು. ಹೋದಾಗಲೆಲ್ಲ ಅವು ಜಗುಲಿಯ ಮೇಲೆ ಹೊಳೆಯುತ್ತಾ ಇರುತ್ತಿದ್ದವು. “ಚೆನ್ನಾಗವೆ ಬಾವ” ಎನ್ನುತ್ತಿದ್ದ ಮಾದೇಶ. ನಾನು ಉಬ್ಬಿಹೋಗುತ್ತಿದ್ದೆ. ವರ್ಷವಾದರೂ ಹೊಳಪು ಹೋಗದ ಗರಗಸ ಮರ ಕಂಡಿರಲಾರದು ಎಂಬಷ್ಟು ಬುದ್ಧಿ ನನಗೆ ಓಡಲಿಲ್ಲ.

ಒಂದು ಭಾನುವಾರ ಹೋದಾಗ ಅವರ ಬೋರಿನ ಮೋಟಾರು ಸುಟ್ಟುಹೋಗಿತ್ತು, ಮೇಲೆತ್ತುತ್ತಿದ್ದರು. ಮೂರು ಕಾಲಿನ ಕಂಬ ನಿಲ್ಲಿಸಿ, ಚೈನ್ ಪುಲ್ಲಿಯಲ್ಲಿ ಪೈಪು ಎಳೆದು, ಒಂದೊಂದೇ ಪೈಪು ಬಿಚ್ಚುತ್ತಾ ಬರಬೇಕು. ಮೇಲಿನ ಪೈಪು ಬಿಚ್ಚುವಷ್ಟು ಹೊತ್ತು ಒಳಗಿರುವ ಪೈಪು, ಮೋಟಾರು ಎಲ್ಲದರ ಭಾರ ಬೋರಿನ ಬಾಯಿಯ ಮೇಲೆ ಕೂರುವ ಒಂದು ಕಬ್ಬಿಣದ ಕ್ಲಾಂಪಿನ ಮೇಲೆ. ನಾನು ಹೋಗುವ ಹೊತ್ತಿಗೆ ಪಕ್ಕದ ಹೊಲದ ಸಿದ್ದರಾಜು ತನ್ನ ಹಳೆಯ ಕರೀ ಕ್ಲಾಂಪನ್ನು ಕೈಯಲ್ಲಿ ಹಿಡಿದಿದ್ದ. ಮಾದೇಶ ನನ್ನನ್ನು ನೋಡಿದ. “ತಡಿಲಾ ಸಿದ್ದ, ಬಾವ ತಂದ್ಕೊಟ್ಟಿರೋದು ಅದೆ, ಅದ ಆಕುವ” ಎಂದ. ಸಿದ್ದರಾಜು ಏನೋ ಹೇಳಲು ಬಾಯಿ ತೆಗೆದ. ಮಾದೇಶ ಕಣ್ಣಲ್ಲೇ ತಡೆದ. ಹಿಂದಿನ ಯುಗಾದಿಗೆ ನಾನು ಕೊಟ್ಟಿದ್ದ ನೀಲಿ ಬಣ್ಣದ ಕ್ಲಾಂಪನ್ನು ರತ್ನ ಮನೆಯಿಂದ ತಂದಳು. ನನಗೆ ಹೊಂಗೆ ಮರದ ನೆರಳಲ್ಲಿ ಕುರ್ಚಿ ಹಾಕಿದರು. ಕೂತು, ಕಾಫಿ ಕುಡಿಯುತ್ತಾ, ನನ್ನ ಕ್ಲಾಂಪು ಕೆಲಸ ಮಾಡುವುದನ್ನು ಹೆಮ್ಮೆಯಿಂದ ನೋಡಿದೆ.

ಮೊದಲೆರಡು ಪೈಪು ಬಂದವು. ಮುಂದಿನ ಸಲ ಪುಲ್ಲಿ ಸಡಿಲಿಸುತ್ತಿದ್ದಂತೆ ಬೋಲ್ಟಿನ ಥ್ರೆಡ್ಡು ಕಿತ್ತುಬಂದು ಕ್ಲಾಂಪು ಬಾಯಿಬಿಟ್ಟಿತು. ಪೈಪು, ಹಗ್ಗ, ಕೇಬಲ್ಲು ಸರ್ರನೆ ಒಳಗಿಳಿದವು. ತುಂಬ ಆಳದಿಂದ ಒಂದು ಶಬ್ದ ಬಂತು.

ಮೊದಲು ಮಾತಾಡಿದವನು ಮಾದೇಶನೇ. “ಪೈಪೇ ಅಳೇದು ಬಾವ, ತುಕ್ಕಿಡ್ದಿತ್ತು. ನೀವ್ ಯಾಕೆ ಎದ್ರಿ, ಕೂತ್ಕಳಿ.” ಹೊಲದ ತುಂಬ ಎಳೆಯ ಅರಿಶಿನ ನಿಂತಿತ್ತು, ನೀರು ಬೇಕಾದ ಕಾಲ. ಅವನು ಅದರ ಕಡೆ ನೋಡಲಿಲ್ಲ, ನಾನು ನೋಡಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ರತ್ನ ಬಡಿಸುತ್ತಾ ಬಡಿಸುತ್ತಾ ಸೌಟನ್ನು ಪಾತ್ರೆಗೆ ಹಾಕಿಬಿಟ್ಟಳು. ಒಡಹುಟ್ಟಿದವಳು, ಅವಳಿಗೆ ಸಂಕೋಚವಿಲ್ಲ. “ಅಣ್ಣ, ನೀ ಬತ್ತೀನಿ ಅಂತ ಫೋನ್ ಮಾಡ್ದಾಗ ನಿನ್ ಸಾಮಾನೆಲ್ಲ ಅಟ್ಟದಿಂದ ಇಳಿಸ್ತೀವಿ. ನೀ ಓದ್ಮೇಲೆ ಒರಸಿ ಮೇಲಕ್ ಇಡ್ತೀವಿ. ಬಾವನ್ ಮನ್ಸಿಗೆ ನೋವಾಯ್ತದೆ ಅಂತ ಇವ್ರು ನನ್ ಬಾಯೂ ಮುಚ್ಸವ್ರೆ.” ಒಳಗಿನಿಂದ ಮಾದೇಶ, “ರತ್ನ, ಸಾಕು” ಎಂದ. ಅಂದು ನಾನು ಫೋನ್ ಮಾಡದೆ ಹೋಗಿದ್ದೆ, ಆದರೂ ಅವನು ನನ್ನ ಮಾನ ಉಳಿಸಲು ಹೊರಟು ನೀರು ಕಳೆದುಕೊಂಡ.

ಮೋಟಾರು ಮೇಲೆ ಬರಲೇ ಇಲ್ಲ. ಗಾಳ ಹಾಕಿ ಎಳೆಯುವವರು ಬಂದು ನೋಡಿ ಹೋದರು. ಬೋರಿನ ಬಾಯಿಗೆ ಚಪ್ಪಡಿ ಮುಚ್ಚಿದರು. ಆ ವರ್ಷದ ಅರಿಶಿನ ಒಣಗಿತು. ಈಗ ಅಲ್ಲಿ ಮಳೆ ನಂಬಿ ಹುರುಳಿ ಚೆಲ್ಲುತ್ತಾರೆ. ಹೋದಾಗಲೆಲ್ಲ ಆ ಹುರುಳಿ ನೋಡುತ್ತೇನೆ, ಮಾದೇಶ ಹವಾಮಾನದ ಮಾತು ತೆಗೆಯುತ್ತಾನೆ. ನಾನು ಬರಿಗೈಲಿ ಹೋಗಲು ಕಲಿತೆ. ಆದರೆ ಹನೂರಿನಲ್ಲಿ, ಯಳಂದೂರಿನಲ್ಲಿ, ಎಲ್ಲಿ ಟಾರ್ಪಾಲು ಕಂಡರೂ ನುಗ್ಗುವ ಚಟ ಹೋಗಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೊನ್ನೆಯೂ ಒಂದು ಪೈಪು ತಿರುಗಿಸುವ ರೆಂಚು ಕೊಂಡು, ಕವರು ಹಿಡಿದು ಹೊರಗೆ ಬಂದೆ. ಎದುರಿನ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲ ಮೇಲೆ ಮಾದೇಶ ನಿಂತಿದ್ದ. ನನ್ನನ್ನು ನೋಡಿದ, ಕವರನ್ನು ನೋಡಿದ, ತಕ್ಷಣ ತಿರುಗಿ ಅಲ್ಲಿ ನೇತುಹಾಕಿದ್ದ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಒಂದೊಂದಾಗಿ ತಟ್ಟಿ ನೋಡತೊಡಗಿದ. ನಾನು ತಪ್ಪಿಸಿಕೊಂಡು ಹೋಗಲಿ ಎಂದು ಬೆನ್ನು ತೋರಿಸಿ ನಿಂತಿದ್ದ. ಹೋಗಬಹುದಿತ್ತು. ಆ ಬೆನ್ನು ನೋಡಿ ಹೋಗಲಾಗಲಿಲ್ಲ, ರಸ್ತೆ ದಾಟಿದೆ.

“ಮಾದೇಶ.”

“ಓ ಬಾವ. ನೋಡ್ನೇ ಇಲ್ಲ.”

ರೆಂಚು ತೆಗೆದು ಕೊಟ್ಟೆ. “ಎಂಗದೆ ಯೋಳು.”

“ಚೆನ್ನಾಗದೆ ಬಾವ” ಎಂದ, ಸರಿಯಾಗಿ ನೋಡುವ ಮೊದಲೇ.

“ಅವತ್ತು ಮೋಟ್ರು ಬಿದ್ದದ್ದು ನನ್ ಕ್ಲಾಂಪಿಂದಲೇ ಅಲ್ವಾ?”

ಅವನು ರೆಂಚಿನ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದ. ಬಸ್ಸೊಂದು ಹಾರ್ನ್ ಹಾಕಿ ಹೋಯಿತು. ಆಮೇಲೆ ನನ್ನ ಮುಖ ನೋಡದೆ, ಮೆಲ್ಲಗೆ, “ಊಂ ಬಾವ. ಅದ್ರಿಂದ್ಲೇ ಓಯ್ತು” ಎಂದ.

“ಇದು?”

“ಇದೂ ಅಂಗೇಯ.”

ಅಷ್ಟು ಮಾತು ಬಾಯಿಗೆ ಬರಲು ಅವನಿಗೆ ಇಷ್ಟು ವರ್ಷ ಬೇಕಾಯಿತಲ್ಲ, ಅಷ್ಟೂ ವರ್ಷ ನನಗಾಗಿ ಅದನ್ನು ನುಂಗಿಕೊಂಡೇ ಇದ್ದನಲ್ಲ ಎಂದು ನೆಲ ನೋಡಿದೆ. ಮಾದೇಶ ರೆಂಚನ್ನು ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟ. “ಬನ್ನಿ ಬಾವ” ಎಂದು ಒಳಗೆ ಕರೆದುಕೊಂಡು ಹೋಗಿ, ಗಲ್ಲಾದ ಮೇಲಿದ್ದವರ ಹತ್ತಿರ ನನಗೊಂದು ಒಳ್ಳೆಯ ರೆಂಚು ಕೇಳಿ, ಎಷ್ಟಿಂಚು ಎಂದು ತಾನೇ ಹೇಳಿದ.