ಕೈ ಕಟ್ಟಿ, ಬಾಯಿ ಮುಚ್ಚಿ

ನಮ್ಮೂರಿನ ಸ್ಕೂಲಿಗೆ ಇದ್ದದ್ದು ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ತುರುವೇಕೆರೆ ರಸ್ತೆಯಿಂದ ಸ್ವಲ್ಪ ಒಳಗೆ, ನಮ್ಮ ತೆಂಗಿನ ತೋಟಕ್ಕೆ ಅಂಟಿಕೊಂಡಂತೆ ಆ ಹೆಂಚಿನ ಕಟ್ಟಡವಿತ್ತು. ಎಪ್ಪತ್ತರ ದಶಕದ ಕೊನೆಯ ಒಂದು ಸೋಮವಾರ ಅವ್ವ ನನ್ನನ್ನು ಒಂದನೇ ಕ್ಲಾಸಿಗೆ ಬಿಟ್ಟು ಹೋದಳು. ಇವಳಿಗೆ ಮಾತು ಜಾಸ್ತಿ, ಸ್ವಲ್ಪ ಹದ್ದುಬಸ್ತಿನಲ್ಲಿಡಿ ಎಂದು ನಗುತ್ತಲೇ ಮೇಷ್ಟ್ರಿಗೆ ಹೇಳಿದ್ದಳು.

ಮೇಷ್ಟ್ರು ಕೆಟ್ಟವರಲ್ಲ. ನಾಲ್ಕು ಕ್ಲಾಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡಬೇಕಿತ್ತು. ಚಿಕ್ಕವರು ಸದ್ದು ಮಾಡದಿದ್ದರೆ ಸಾಕಿತ್ತು ಅವರಿಗೆ. ಹಾಗಾಗಿ ಅ, ಆ ಬರುವ ಮೊದಲೇ ನಾವು ಕಲಿತದ್ದು ಸುಮ್ಮನೆ ಕೂರುವುದನ್ನು. "ಕೈ ಕಟ್" ಎಂದರೆ ಎರಡೂ ಕೈ ಎದೆಯ ಮೇಲೆ. "ಬಾಯ್ ಮುಚ್" ಎಂದರೆ ತುಟಿಯ ಮೇಲೆ ಬೆರಳು. ಒಂದಕ್ಕೆ ಹೋಗಬೇಕಾದರೆ ಕಿರುಬೆರಳು ಎತ್ತಿ ಕಾಯಬೇಕು. ಮೇಜಿನ ಮೇಲೆ ಹುಣಸೆ ಬರಲು ಇರುತ್ತಿತ್ತು. ಮಂಗಳವಾರ ಹಿಂದಿನ ಸಾಲಿನ ಹುಡುಗನೊಬ್ಬನ ಅಂಗೈ ಮೇಲೆ ಅದು ಬಿದ್ದದ್ದನ್ನು ಕಂಡೆ. ಅವನು ಅಳಲಿಲ್ಲ, ಅಂಗೈಯನ್ನು ಚಡ್ಡಿಗೆ ಉಜ್ಜಿಕೊಂಡು ಕೂತ. ಆವತ್ತಿನಿಂದ ಮನೆಯಲ್ಲೂ ನನ್ನ ಮಾತು ಕಡಿಮೆಯಾಯಿತು. ಸ್ಕೂಲಿಗೆ ಹೋಗಿ ಬುದ್ಧಿ ಬಂತು ಎಂದು ಅಜ್ಜಿ ಖುಷಿಪಟ್ಟಳು.

ಶನಿವಾರ ಬೆಳಗಿನ ಸ್ಕೂಲು. ನನ್ನ ಬಳಪ ಮುರಿದು ಎಲ್ಲೋ ಉರುಳಿಹೋಯಿತು. ಪಕ್ಕದ ಹುಡುಗಿಯನ್ನು ಪಿಸುಮಾತಿನಲ್ಲಿ ಒಂದು ಚೂರು ಕೇಳಿದೆ. ಮೇಷ್ಟ್ರಿಗೆ ಅದು ಕೇಳಿಸಿತು. ಬರಲು ಎತ್ತಲಿಲ್ಲ. ಮೂಲೆಯಲ್ಲಿ ಸ್ಟ್ಯಾಂಡಿನ ಮೇಲಿದ್ದ ಕರಿಹಲಗೆಯನ್ನು ತೋರಿಸಿ, ಅದರ ಹಿಂದೆ ಹೋಗಿ ನಿಲ್ಲು, ನಾನು ಕರೆಯುವವರೆಗೂ ಬರಬೇಡ ಎಂದರು.

ಅಲ್ಲಿ ಮಬ್ಬುಗತ್ತಲು, ಸೀಮೆಸುಣ್ಣದ ವಾಸನೆ. ಕೈ ಕಟ್ಟಿ ನಿಂತೆ. ಗಂಟೆ ಹೊಡೆಯಿತು. ಮಕ್ಕಳೆಲ್ಲ ಹೋ ಎಂದು ಓಡಿದರು. ಮೇಷ್ಟ್ರು ಒಂದೊಂದೇ ಕಿಟಕಿ ಮುಚ್ಚಿದರು. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಕಾದೆ. ಬಾಗಿಲು ಮುಚ್ಚಿತು, ಚಿಲಕ ಬಿತ್ತು, ಬೀಗ ಕಟಕ್ ಎಂದಿತು. ಬಸ್ಸಿನ ಹೊತ್ತಾಯಿತೆಂದು ಯಾರಿಗೋ ಹೇಳುತ್ತಾ ಅವರು ಹೋದದ್ದು ಕೇಳಿಸಿತು.

ಆಗಲೂ ನಾನು ಅಲ್ಲಿಂದ ಕದಲಲಿಲ್ಲ. ಕರೆದಿರಲಿಲ್ಲವಲ್ಲ. ಗಾಳಿಗೆ ಒಣಗರಿಯೊಂದು ಕಳಚಿ ಹೆಂಚಿನ ಮೇಲೆ ಬಿದ್ದು ಜಾರಿತು. ಯಾರೋ ಮೇಲೆ ತೆವಳುತ್ತಿದ್ದಾರೆ ಅನ್ನಿಸಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡೆ. ಇದಕ್ಕೂ ಏಟು ಬೀಳುತ್ತದೆ ಎಂಬ ಇನ್ನೊಂದು ಭಯ ಸೇರಿಕೊಂಡಿತು.

ಎಷ್ಟು ಹೊತ್ತಾಯಿತೋ, ಹೊರಗೆ ಅವ್ವನ ದನಿ. ನನ್ನ ಹೆಸರು ಹಿಡಿದು ಕೂಗುತ್ತಾ ಸ್ಕೂಲಿನ ಸುತ್ತ ಬಂದಳು. ಬೀಗ ಅಲ್ಲಾಡಿಸಿದಳು. ಓ ಅನ್ನಬೇಕೆಂದು ಬಾಯಿ ತೆರೆದೆ. ಉಸಿರು ಬಂತು, ದನಿ ಬರಲಿಲ್ಲ. ಅವಳ ಕೂಗು ತೋಟದ ಕಡೆ ದೂರವಾಯಿತು. ತೋಟದಲ್ಲಿ ಕಟ್ಟೆಯಿಲ್ಲದ ಬಾವಿಯಿತ್ತು. ಸ್ವಲ್ಪ ಹೊತ್ತಿಗೆ ಅಲ್ಲಿ ಜನ ಸೇರಿದ ಗದ್ದಲ ಕೇಳಿಸಿತು. ಗಂಡಸೊಬ್ಬರು, "ಪಾತಾಳಗರಡಿ ತಗಂಬಾರ್ಲಾ, ಇಳ್ಸಿ ನೋಡಾನ" ಅಂದರು. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಆ ಕೊಕ್ಕೆಗಳ ಗೊಂಚಲನ್ನು ನಾನು ನೋಡಿದ್ದೆ. ಅವ್ವ ಒಂದೇ ಸಮನೆ ಅಳುತ್ತಿದ್ದಳು. ಅವಳು ಹಾಗೆ ಅತ್ತದ್ದನ್ನು ಅದುವರೆಗೆ ಕೇಳಿರಲಿಲ್ಲ. ನಾನು ನಿಜಕ್ಕೂ ಬಾವಿಯಲ್ಲೇ ಇದ್ದೇನೇನೋ ಎಂದು ನನಗೇ ಅನುಮಾನವಾಯಿತು.

ನನ್ನನ್ನು ಬಿಡಿಸಿದ್ದು ಬಳಪ ಕೇಳಿದ್ದೆನಲ್ಲ, ಆ ಪಕ್ಕದ ಹುಡುಗಿ. ಬಾವಿಯ ಬಳಿ ತನ್ನ ಅವ್ವನ ಸೆರಗು ಹಿಡಿದು ನಿಂತಿದ್ದವಳು, ಯಾರೋ ಕೇಳಿದ್ದಕ್ಕೆ, "ಅವ್ಳು ಬೋರ್ಡ್ ಹಿಂದೆ ನಿಂತವ್ಳೆ" ಅಂದಳಂತೆ. ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಕೇಳದೆ ಮಾತಾಡಬಾರದೆಂದು ಅವಳೂ ಕಲಿತಿದ್ದಳು. ನನ್ನ ಚಿಕ್ಕಪ್ಪ ರಸ್ತೆಗೆ ಓಡಿದ. ಬಸ್ಸು ತಡವಾಗಿದ್ದರಿಂದ ಮೇಷ್ಟ್ರು ಇನ್ನೂ ಅಲ್ಲೇ ನಿಂತಿದ್ದರು.

ಬೀಗದಲ್ಲಿ ಕೀಲಿ ತಡಕಾಡುವ ಸದ್ದು ಬಹಳ ಹೊತ್ತು ಬಂತು. ಹಲಗೆ ಸರಿಸಿದಾಗ ನಾನು ಕೈ ಕಟ್ಟಿಕೊಂಡೇ ಇದ್ದೆ. ಮೇಷ್ಟ್ರ ಮುಖ ಬೆವೆತು ಬಿಳಿಚಿಕೊಂಡಿತ್ತು. ಅವರೂ ಹೆದರಿದ್ದರೆಂದು ಈಗ ತಿಳಿಯುತ್ತದೆ. ಆಗ ನಾನು ಅವರ ಕೈಯಲ್ಲಿ ಬರಲು ಇದೆಯೇ ಎಂದಷ್ಟೇ ನೋಡಿದೆ.

"ಯಾಕವ್ವ ಕೂಗ್ಲಿಲ್ಲ?" ಎಂದರು.

"ನೀವು ಕರೀಲಿಲ್ಲ ಸಾ" ಎಂದೆ, ನನಗೇ ಕೇಳದಷ್ಟು ಸಣ್ಣಗೆ.

ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಚಿಕ್ಕಪ್ಪ ಅವರ ಮೇಲೆ ಕೈಯೆತ್ತಲು ಹೋದ. ಅವ್ವ ತಡೆದಳು. "ಹದ್ದುಬಸ್ತಲ್ಲಿ ಇಡಿ ಅಂದೋಳು ನಾನೇ ಕಣಪ್ಪ, ಬುಡು" ಎಂದು ನನ್ನನ್ನು ಎತ್ತಿಕೊಂಡಳು.

ಭಾನುವಾರ ಜ್ವರ ಬಂತು. ಸೋಮವಾರ ಜ್ವರ ಬಿಟ್ಟಿತ್ತು, ಸ್ಕೂಲಿಗೆ ಹೋಗುವುದಿಲ್ಲ ಎಂದು ಕಂಬ ತಬ್ಬಿಕೊಂಡೆ. ಅಪ್ಪ ಬಿಡಿಸಿ ಹೆಗಲ ಮೇಲೆ ಹಾಕಿಕೊಂಡು ಹೋದ. ಅಂದು ಮೇಷ್ಟ್ರು ಸ್ಲೇಟು ತೆಗೆಸಲಿಲ್ಲ. ಒಂದನೇ ಕ್ಲಾಸಿನವರನ್ನೆಲ್ಲ ತೋಟದ ಬದುವಿನ ಮೇಲೆ ನಿಲ್ಲಿಸಿ, ಒಬ್ಬೊಬ್ಬರೂ ತಮ್ಮ ಹೆಸರನ್ನು ಜೋರಾಗಿ ಕೂಗಬೇಕು ಎಂದರು. ಮಕ್ಕಳು ಮೊದಲು ನಕ್ಕರು, ಆಮೇಲೆ ಗಂಟಲು ಹರಿಯುವಂತೆ ಕೂಗಿದರು. ನನ್ನ ಸರದಿಗೆ ತುಟಿ ಅಲ್ಲಾಡಿತು, ಅಷ್ಟೆ. ಮೇಷ್ಟ್ರು ನನ್ನೆದುರು ಕುಕ್ಕರಗಾಲಿನಲ್ಲಿ ಕೂತು, ನಾಳೆ ಕೂಗೀಯಂತೆ ಬಿಡು ಎಂದರು.

ಮರುದಿನವೂ ಆಗಲಿಲ್ಲ, ಆಮೇಲೆ ಎಷ್ಟೋ ದಿನವೂ ಆಗಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದರು. ಆಳು ಮರದ ಮೇಲಿದ್ದ. ಅಂಬೆಗಾಲಿಡುತ್ತಿದ್ದ ನನ್ನ ತಮ್ಮ ಅದೇ ಮರದ ಬುಡಕ್ಕೆ ಹೋಗುತ್ತಿದ್ದುದನ್ನು ಕಂಡು ನನಗರಿವಿಲ್ಲದೆ ಕಿರುಚಿಬಿಟ್ಟೆ. ಮೇಲಿನವನು ಕೈ ತಡೆದ. ಅವ್ವ ಓಡಿಬಂದು ತಮ್ಮನನ್ನು ಎತ್ತಿಕೊಂಡಳು. ಆಮೇಲೆ ನನ್ನ ಬಾಯನ್ನೇ ನೋಡುತ್ತಾ ನಿಂತಳು.