ನೂರು ಗ್ರಾಂ ಗಂಜಿ

ಕಲಾವತಿಗೆ ಡಾಕ್ಟರಮ್ಮ ಕೊಟ್ಟದ್ದು ಹೆಚ್ಚೆಂದರೆ ಮೂರು ನಿಮಿಷ. ಅಷ್ಟರಲ್ಲಿ ಸ್ಕ್ಯಾನಿಂಗ್ ಚೀಟಿ ನೋಡಿದ್ದಾಯಿತು, ಬಿಪಿ ನೋಡಿದ್ದಾಯಿತು, ತೂಕದ ಯಂತ್ರದ ಮೇಲೆ ನಿಲ್ಲಿಸಿ ಇಳಿಸಿದ್ದೂ ಆಯಿತು. ಗರ್ಭಕೋಶದಲ್ಲಿ ಗಡ್ಡೆಗಳಿವೆ, ತಿಂಗಳಿಗೆ ಹತ್ತು ಹನ್ನೆರಡು ದಿನ ಹೋಗುತ್ತಿರುವ ರಕ್ತ ನಿಲ್ಲಬೇಕಾದರೆ ಆಪರೇಷನ್ನೇ ಆಗಬೇಕು. ಆದರೆ ಎಂಬತ್ತೊಂದು ಕೆಜಿ ತೂಕ, ಮೇಲೆ ಈ ಬಿಪಿ ಇಟ್ಟುಕೊಂಡು ಬಂದರೆ ಅರಿವಳಿಕೆ ಕೊಡುವವರು ಒಪ್ಪುವುದಿಲ್ಲ.

"ಎಂಟು ಕೆಜಿ ಇಳಿಸಿ ಬನ್ನಿ. ಮೇ ಮೊದಲ ವಾರ ಇಟ್ಟುಕೊಳ್ಳೋಣ."

ಇಳಿಸುವುದು ಹೇಗೆ ಎಂದು ಕೇಳಲು ಕಲಾವತಿ ಬಾಯಿ ತೆರೆಯುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು. ಬಾಗಿಲಲ್ಲಿದ್ದ ನರ್ಸು ಕಬ್ಬಿಣಾಂಶದ ಮಾತ್ರೆಯ ಚೀಟಿ ಕೈಗಿಟ್ಟು, "ಊಟ ಕಡಿಮೆ ಮಾಡ್ರಿ, ಅಷ್ಟೇ" ಎಂದಳು. ಕಾರವಾರದ ಆ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಜನವರಿ ಮುಗಿಯಲು ಎರಡು ದಿನ ಬಾಕಿ ಇತ್ತು.

ಮೇ ತಿಂಗಳು ಎನ್ನುವುದು ಡಾಕ್ಟರಮ್ಮನಿಗೆ ಕ್ಯಾಲೆಂಡರಿನ ಒಂದು ಹಾಳೆ. ಕಲಾವತಿಗೆ ಇದ್ದದ್ದು ಅದೊಂದೇ ತಿಂಗಳು. ಅವಳ ತಂಗಿ ನಾಗರತ್ನಾ ಹೊನ್ನಾವರದ ಕಡೆ ಶಾಲೆಯಲ್ಲಿ ಅಕ್ಕೋರು. ಬೇಸಿಗೆ ರಜೆಯಲ್ಲಾದರೆ ಬಂದು ಅಕ್ಕನ ಅಡುಗೆಮನೆ ಹಿಡಿಯುತ್ತೇನೆ ಎಂದಿದ್ದಳು. ಮೇ ತಪ್ಪಿದರೆ ದಸರಾ ರಜೆ. ನಡುವೆ ಐದು ತಿಂಗಳು, ತಿಂಗಳಿಗೆ ಹನ್ನೆರಡು ದಿನ. ಬಸ್ಸಿಗೆ ಹೊರಡುವಾಗ ಕಪ್ಪು ಸೀರೆಯನ್ನೇ ಉಡುವುದು, ಆಫೀಸಿನ ಕುರ್ಚಿಯಿಂದ ಏಳುವಾಗ ಹಿಂದೆ ತಿರುಗಿ ನೋಡುವುದು, ಎರಡು ವರ್ಷದಿಂದ ಇದೇ ಆಗಿಹೋಗಿತ್ತು.

ಅಂಕೋಲೆಯ ಪೇಟೆ ದಾಟಿ ಎರಡು ಕಿಲೋಮೀಟರು ಒಳಗೆ ಅವಳ ಮನೆ. ಗಂಡ ಮಂಗೇಶ ನೌಕಾನೆಲೆಯ ಗುತ್ತಿಗೆದಾರನೊಬ್ಬನ ಬಳಿ ಡ್ರೈವರು. ಮಗ ಸಂಕೇತನಿಗೆ ಹದಿನಾಲ್ಕು, ಮಗಳು ಪೂಜಾಗೆ ಹತ್ತು. ಜೊತೆಗೆ ಅತ್ತೆ. ಕಲಾವತಿ ನಾಲ್ಕೂವರೆಗೆ ಎದ್ದು ಗಂಜಿಗೆ ಇಟ್ಟು, ನಾಲ್ಕು ಡಬ್ಬಿ ತುಂಬಿ, ಎಂಟರ ಬಸ್ಸು ಹಿಡಿದು ಕಾರವಾರದ ಸರಕಾರಿ ಕಚೇರಿಯೊಂದಕ್ಕೆ ಹೋಗಿ, ಹೊರಗುತ್ತಿಗೆಯ ಕುರ್ಚಿಯಲ್ಲಿ ಕೂತು ಸಂಜೆಯವರೆಗೆ ಕಂಪ್ಯೂಟರ್ ಕುಟ್ಟಿ, ಏಳಕ್ಕೆ ಮನೆಗೆ ಬಂದು ಮತ್ತೆ ಒಲೆ ಹಚ್ಚುವವಳು. ರಾತ್ರಿ ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ಮುಂದೆ ಕೂತು, ಸಂಕೇತ ಬಿಟ್ಟ ಅನ್ನ, ಪೂಜಾ ಬಿಟ್ಟ ಮೀನಿನ ಬಾಲ, ತಳದಲ್ಲಿ ಉಳಿದ ಸಾರು ಎಲ್ಲ ಒಟ್ಟು ಮಾಡಿ ತಿನ್ನುವವಳು. ಅನ್ನ ಚೆಲ್ಲಬಾರದು ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಚೆಲ್ಲಬಾರದ ಅನ್ನ ಯಾರ ಹೊಟ್ಟೆಗೆ ಹೋಗಬೇಕು ಎಂದು ಹೇಳಿಕೊಡುವ ಅಗತ್ಯವೇ ಬಿದ್ದಿರಲಿಲ್ಲ. ಆ ಎಂಬತ್ತೊಂದು ಕೆಜಿಯಲ್ಲಿ ಅವಳು ತನಗಾಗಿ ಉಂಡದ್ದೆಷ್ಟು, ಮನೆಯವರು ಬಿಟ್ಟದ್ದೆಷ್ಟು ಎಂದು ಬೇರ್ಪಡಿಸಿ ತೋರಿಸುವ ಯಂತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ.

ದಾರಿ ತೋರಿಸಿದವಳು ಪಕ್ಕದ ಕುರ್ಚಿಯ ವಿಭಾ. ಶಿರವಾಡದವಳು, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಕಳೆದ ವರ್ಷ ಆರು ಕೆಜಿ ಇಳಿಸಿದ್ದಳು.

"ಊಟ ಕಡಿಮೆ ಮಾಡು ಅಂದ್ರೆ ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ? ಲೆಕ್ಕ ಬೇಕು. ಕ್ಯಾಲೊರಿ ಅಂತ ಅದೆ. ನಿಂಗೆ ದಿನಕ್ಕೆ ಸಾವಿರದ ಇನ್ನೂರು. ಅದರೊಳಗೆ ಎಂತ ಬೇಕಾದ್ರೂ ತಿನ್ನು, ದಾಟಬೇಡ."

"ದಾಟಿದ್ರೆ?"

"ದಾಟಿದ್ರೆ ಮೇ ತಿಂಗಳಲ್ಲಿ ಆ ಡಾಕ್ಟರಮ್ಮನೇ ಹೇಳ್ತಾಳೆ."

ಕಲಾವತಿಯ ಫೋನಿನಲ್ಲಿ ಆ್ಯಪ್ ಇಳಿಯಲಿಲ್ಲ, ಮಕ್ಕಳ ಆಟಗಳೇ ತುಂಬಿಕೊಂಡಿದ್ದವು. ವಿಭಾ ತನ್ನ ಫೋನು ನೋಡಿ ಒಂದು ಹಾಳೆಯಲ್ಲಿ ಪಟ್ಟಿ ಬರೆದುಕೊಟ್ಟಳು. ಅಕ್ಕಿ, ನೂರು ಗ್ರಾಮಿಗೆ ಮುನ್ನೂರೈವತ್ತು. ಬಾಂಗಡೆ ಒಂದು ತುಂಡು, ನೂರು. ಹೀಗೆ ಎರಡು ಬದಿ. ಮರುದಿನ ತನ್ನ ಅಂಗೈಯಗಲದ ಎಲೆಕ್ಟ್ರಾನಿಕ್ ತಕ್ಕಡಿಯನ್ನೂ ತಂದುಕೊಟ್ಟಳು. ಕೆಟ್ಟ ಮನಸ್ಸಿನವಳಲ್ಲ. ಆದರೆ ಅವಳು ತನ್ನ ಒಂದು ಹಿಡಿ ಅಕ್ಕಿಯನ್ನು ತೂಗಿ, ಸಣ್ಣ ಕುಕ್ಕರಿನಲ್ಲಿ ಬೇರೆಯೇ ಬೇಯಿಸಿಕೊಳ್ಳುವವಳು. ಎಲ್ಲರೂ ಹಾಗೇ ಮಾಡುತ್ತಾರೆ ಎಂದುಕೊಂಡಿದ್ದಳು.

ಕಲಾವತಿಯ ಮನೆಯಲ್ಲಿ ಐದು ಜನಕ್ಕೆ ಒಂದೇ ತಪ್ಪಲೆ. ಕುಚ್ಚಲಕ್ಕಿಯನ್ನು ಅತ್ತೆಯ ಕಾಲದ ಶಿದ್ದೆಯಲ್ಲಿ ಅಳೆದು ಹಾಕಿದರೆ ಮುಗಿಯಿತು. ಅದರಲ್ಲಿ ತನ್ನ ಪಾಲಿನ ಅಕ್ಕಿ ಯಾವುದು ಎಂದು ಹೆಕ್ಕುವುದು ಹೇಗೆ? ಹಾಗಾಗಿ ಅವಳು ತನಗೆ ತಿಳಿದಂತೆ ಮಾಡಿದಳು. ಬೆಂದ ಮೇಲೆ ಬಟ್ಟಲಿಗೆ ಬಡಿಸಿಕೊಂಡು ತೂಗಿದಳು. ಬೆಳಿಗ್ಗೆ ತಿಳಿಯ ಸಮೇತ ನೂರು ಗ್ರಾಂ ಗಂಜಿ, ಮುನ್ನೂರೈವತ್ತು. ಮಧ್ಯಾಹ್ನ ನೂರು ಗ್ರಾಂ ಅನ್ನ, ಒಂದು ತುಂಡು ಮೀನು, ನಾನೂರೈವತ್ತು. ಎರಡು ಸಲ ಚಾ, ಐವತ್ತು. ರಾತ್ರಿ ಮತ್ತೆ ನೂರು ಗ್ರಾಂ ಅನ್ನ. ಕೂಡಿಸಿದರೆ ಸರಿಯಾಗಿ ಸಾವಿರದ ಇನ್ನೂರು. ಪೂಜಾಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಒಂದು ಹಿಡಿ ಗಂಜಿಯಲ್ಲಿ ಇಷ್ಟೊಂದು ಇದೆಯೇ ಎಂದು ಅವಳಿಗೇ ಹೆದರಿಕೆಯಾಯಿತು. ಇಷ್ಟು ವರ್ಷ ಬಟ್ಟಲುಗಟ್ಟಲೆ ಸುರಿದುಕೊಂಡೆನಲ್ಲ ಎಂದು ನಾಚಿಕೆಯೂ ಆಯಿತು.

"ಅನ್ನಕ್ಕೆ ತಕ್ಕಡಿ ಹಿಡ್ದವಳನ್ನ ನಾನು ಈ ಜನ್ಮದಲ್ಲಿ ಕಂಡಿಲ್ಲ," ಎಂದರು ಅತ್ತೆ. "ಬಂಗಾರ ಅಂತ ಮಾಡ್ಕಂಡ್ಯೇನೆ?"

"ಇರ್ಲಿ ಬಿಡೇ ಆಯಿ, ಅಕ್ಕಿ ಉಳೀತದೆ," ಎಂದು ಮಂಗೇಶ ತಾಯಿಗೆ ಹೇಳಿ ನಕ್ಕ.

ಸಂಕೇತನಿಗೆ ಬೇರೆಯೇ ಚಿಂತೆ. "ಆಯಿ, ಹಂಗಾದ್ರೆ ನನ್ನ ತಾಟಲ್ಲಿ ಉಳ್ದದ್ದು ಯಾರು ತಿನ್ನುದು?"

"ಉಳಿಸಬೇಡ ಮಗಾ."

ಅವನು ಉಳಿಸಿದ. ಬೀದಿಯ ಕಂದುನಾಯಿಗೆ ಆ ಅನ್ನ ಹೋಯಿತು. ಮಾರ್ಚ್ ಹೊತ್ತಿಗೆ ನಾಯಿ ದುಂಡಗಾಗಿತ್ತು, ಕಲಾವತಿಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಬರೀ ಹೊಟ್ಟೆಯಲ್ಲಿ ಕಬ್ಬಿಣಾಂಶದ ಮಾತ್ರೆ ನುಂಗಿದರೆ ಬಸ್ಸಿನಲ್ಲಿ ವಾಂತಿ ಬರುತ್ತಿತ್ತು. ಒಂದು ವಾರ ನೋಡಿ ಬಿಟ್ಟಳು. ರಕ್ತ ಮಾತ್ರ ತನ್ನ ಹನ್ನೆರಡು ದಿನ ಬಿಡಲಿಲ್ಲ.

ಊರು ಅವಳನ್ನು ಹೊಗಳಿತು. ಹದಿನಾರು ವರ್ಷ ದುಡಿದಾಗ ಹೊಗಳದ ಊರು, ಅವಳು ಕರಗತೊಡಗಿದ ಮೇಲೆ ಹೊಗಳಿತು. "ಈಗ ನೋಡು, ಮದುವೆಯಾಗಿ ಬಂದಾಗ ಇದ್ದ ಹಂಗೆ ಆಗಿದೆ," ಎಂದು ಅತ್ತೆಯೇ ನೆರೆಯವರಿಗೆ ತೋರಿಸಿದರು. "ಬೆಳ್ಳಗಾಗಿದ್ಯಲ್ಲೇ, ಮುಖಕ್ಕೆ ಎಂತ ಹಚ್ತೀಯೆ?" ಎಂದು ಕಚೇರಿಯಲ್ಲಿ ಕೇಳಿದರು. ಹೆಂಗಸು ಬಿಳಿಚಿಕೊಂಡರೂ ನಮ್ಮ ಜನರ ಕಣ್ಣಿಗೆ ಅದು ಬಣ್ಣ ಬಂದಂತೆ. ಕಲಾವತಿ ಕೂಡ ಹಾಗೇ ನಂಬಿದಳು. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ, ಕೊಬ್ಬು ಕರಗುವಾಗ ಹೀಗೇ ಇರಬೇಕು ಎಂದುಕೊಂಡಳು.

ಅದು ಹಾಗಲ್ಲ ಎಂದು ಹೇಳಿದವಳು ಒಬ್ಬಳೇ, ಅವಳ ಹೆಸರೂ ಕಲಾವತಿಗೆ ಗೊತ್ತಿಲ್ಲ. ಏಪ್ರಿಲ್ ನಡುವಿನ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮದಳ್ಳಿ ದಾಟುತ್ತಿದ್ದಂತೆ ಕಲಾವತಿಯ ಕಣ್ಣೆದುರು ಕತ್ತಲೆ ಬಂದು ಕಂಬಿ ಹಿಡಿದ ಕೈ ಸಡಿಲಿತು. ಖಾಲಿ ಮೀನುಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಗಸೊಬ್ಬಳು ಸೊಂಟ ಹಿಡಿದು ಎಳೆದು ತನ್ನ ಜಾಗದಲ್ಲಿ ಕೂರಿಸಿದಳು.

"ಬೆಳಿಗ್ಗೆ ಎಂತ ತಿಂದ್ಯೆ ತಂಗಿ?"

"ಗಂಜಿ."

"ಎಷ್ಟು?"

"ನೂರು ಗ್ರಾಂ."

ಹೆಂಗಸು ಬುಟ್ಟಿಯ ಮೇಲೆ ಬಾಗಿ ನಕ್ಕಳು. "ಗಂಜಿ ತೂಗ್ತಾರನೆ ಯಾರಾದ್ರೂ? ಅದರಲ್ಲಿ ಮುಕ್ಕಾಲು ನೀರೇ ಅದೆ. ನೀರು ತೂಗಿ ಕುಡ್ದಂಗಾಯ್ತು." ಆಮೇಲೆ ನಗು ನಿಲ್ಲಿಸಿ ಕಲಾವತಿಯ ಬೆರಳು ಹಿಡಿದು ತಿರುಗಿಸಿದಳು. "ಉಗುರು ನೋಡ್ಕಂಡಿದ್ಯಾ? ಹೆಣದ ಉಗುರಿನ ಹಂಗದೆ. ಹೊಟ್ಟೆ ತುಂಬ ಉಣ್ಣೇ."

ಕಲಾವತಿ ಕೈ ಎಳೆದುಕೊಂಡಳು. ನಾಲ್ಕು ಜನರ ಮುಂದೆ ಹೆಣ ಎಂದುಬಿಟ್ಟಳಲ್ಲ ಎಂದು ಸಿಟ್ಟು ಬಂತು. ಮೀನು ಮಾರುವವಳಿಗೆ ಕ್ಯಾಲೊರಿ ಏನು ಗೊತ್ತು? ಪಟ್ಟಿ ಬರೆದುಕೊಟ್ಟವಳು ಬಿಎಸ್ಸಿ ಓದಿದವಳು. ಆಪರೇಷನ್ನಿಗೆ ಇನ್ನು ಇಪ್ಪತ್ತು ದಿನ ಇತ್ತು. ರಾತ್ರಿಯ ಅನ್ನವನ್ನು ಎಂಬತ್ತು ಗ್ರಾಮಿಗೆ ಇಳಿಸಿದಳು.

ಏಪ್ರಿಲ್ ಇಪ್ಪತ್ತೆಂಟಕ್ಕೆ ಆಸ್ಪತ್ರೆಗೆ ಹೋದಾಗ ಅವಳ ಚೀಲದಲ್ಲಿ ನೋಟ್‌ಬುಕ್ ಇತ್ತು. ರಜೆ ಮಂಜೂರಾಗಿತ್ತು, ಸಂಬಳವಿಲ್ಲದ ಮೂರು ವಾರ. ನಾಗರತ್ನಾ ಚೀಲ ಕಟ್ಟಿಕೊಂಡು ಫೋನಿಗೆ ಕಾಯುತ್ತಿದ್ದಳು. ತೂಕದ ಯಂತ್ರ ಎಪ್ಪತ್ತೂವರೆ ತೋರಿಸಿತು. ಹೇಳಿದ್ದಕ್ಕಿಂತ ಎರಡೂವರೆ ಕೆಜಿ ಹೆಚ್ಚೇ ಇಳಿಸಿದ್ದೇನೆ ಎಂದು ಕಲಾವತಿ, ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಹಾಗೆ, ಡಾಕ್ಟರಮ್ಮನ ಮುಖ ನೋಡಿದಳು.

ಡಾಕ್ಟರಮ್ಮ ಯಂತ್ರ ನೋಡಲಿಲ್ಲ. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಕೊಟ್ಟು ಬನ್ನಿ ಎಂದರು. ಒಂದು ಗಂಟೆಯ ಮೇಲೆ ಚೀಟಿ ಬಂತು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಆರು ಚಿಲ್ಲರೆ ಇತ್ತು.

"ಉಪವಾಸ ಮಾಡಿ ಅಂತ ನಿಮಗೆ ಯಾರು ಹೇಳಿದ್ದು?"

"ಉಪವಾಸ ಅಲ್ಲ ಮೇಡಂ. ಸಾವಿರದ ಇನ್ನೂರು ತಿಂತಿದ್ದೆ. ಬರೆದಿಟ್ಟಿದ್ದೇನೆ."

ಪಕ್ಕದ ಕೋಣೆಯಿಂದ ಆಹಾರ ತಜ್ಞೆಯನ್ನು ಕರೆಸಿದರು. ಇಪ್ಪತ್ತೈದರ ಹುಡುಗಿ. ಅವಳು ಜನವರಿಯಲ್ಲೂ ಅದೇ ಪಕ್ಕದ ಕೋಣೆಯಲ್ಲಿ ಕೂತಿದ್ದಳು. ಅವಳ ಹತ್ತಿರ ಕಳಿಸಬೇಕೆಂದು ಅಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯಲು ಮೂರು ನಿಮಿಷ ಸಾಲುವುದಿಲ್ಲ. ಹುಡುಗಿ ನೋಟ್‌ಬುಕ್ಕಿನ ಮೂರು ಹಾಳೆ ತಿರುಗಿಸಿ ಬೆರಳಿಟ್ಟಳು.

"ಅಕ್ಕಾ, ಈ ನೂರು ಗ್ರಾಂ ತೂಗಿದ್ದು ಅಕ್ಕಿಯನ್ನಾ, ಬೆಂದ ಗಂಜಿಯನ್ನಾ?"

"ಗಂಜಿ. ನಮ್ಮಲ್ಲಿ ಒಂದೇ ತಪ್ಪಲೆ."

ಹುಡುಗಿ ನೋಟ್‌ಬುಕ್ ಮುಚ್ಚಿ ಮೇಜಿನ ಮೇಲಿಟ್ಟಳು. ಆಮೇಲೆ ಮೆತ್ತಗೆ ಬಿಡಿಸಿ ಹೇಳಿದಳು. ಮುನ್ನೂರೈವತ್ತು ಎನ್ನುವುದು ಒಣ ಅಕ್ಕಿಯ ಲೆಕ್ಕ. ನೂರು ಗ್ರಾಂ ಗಂಜಿಯಲ್ಲಿ ಅಕ್ಕಿ ಹದಿನೈದು ಗ್ರಾಂ ಇದ್ದರೆ ಹೆಚ್ಚು. "ನೀವು ಮೂರು ತಿಂಗಳು ದಿನಕ್ಕೆ ಐನೂರೂ ತಿಂದಿಲ್ಲ. ಪೂಜಾಳಂಥ ಮಗುವಿಗೂ ಅದರ ಮೂರು ಪಟ್ಟು ಬೇಕು." ಹೆಸರನ್ನು ಅವಳು ನೋಟ್‌ಬುಕ್ಕಿನ ಹೊದಿಕೆಯ ಮೇಲೆ ಓದಿದ್ದಳು.

ರಕ್ತ ಏರಿಸಿದರೆ ಸಾಲದೇ ಎಂದು ಕಲಾವತಿ ಕೇಳಿದಳು. ಸಾಲದು ಎಂದರು ಡಾಕ್ಟರಮ್ಮ. ರಕ್ತವನ್ನು ಏರಿಸಬಹುದು, ಏರಿಸಿಯೇ ಕಳಿಸುತ್ತೇವೆ. ಆದರೆ ಕೊಯ್ದ ಗಾಯ ಮಾಯುವಷ್ಟು ಕಸುವು ಮೈಯಲ್ಲಿ ಉಳಿದಿಲ್ಲ. ಮೂರು ತಿಂಗಳು ಸರಿಯಾಗಿ ಉಣ್ಣಬೇಕು. ಬೇಳೆ, ಮೊಟ್ಟೆ, ಮೀನು, ಹಸಿರು ಸೊಪ್ಪು, ಹೊತ್ತಿಗೆ ಸರಿಯಾಗಿ. ಮಾತ್ರೆ ಬಿಡಬಾರದು. ಆಮೇಲೆ ನೋಡೋಣ.

"ಎಂಟು ಕೆಜಿ ಇಳಿಸಿ ಬನ್ನಿ ಅಂದಿದ್ರಿ," ಎಂದಳು ಕಲಾವತಿ. ದೂರುವ ದನಿಯಲ್ಲ, ನೆನಪು ಮಾಡಿಕೊಡುವ ದನಿ. ಡಾಕ್ಟರಮ್ಮ ಚೀಟಿ ಬರೆಯುತ್ತಿದ್ದರು, ತಲೆ ಎತ್ತಲಿಲ್ಲ.

ಎರಡು ದಿನ ರಕ್ತ ಏರಿಸಿಕೊಂಡು ಅವಳು ಮನೆಗೆ ಬಂದ ಸಂಜೆ ಸೆಖೆ ಹೇಳತೀರದು. ಮಂಗೇಶ ನಾಗರತ್ನಾಗೆ ಫೋನು ಮಾಡಿ ಬರುವುದು ಬೇಡ, ದಸರಾಕ್ಕೆ ನೋಡುವ ಎಂದು ಹೇಳಿಯಾಗಿತ್ತು. ಅವನಿಗೂ ಬೇಸರವಾಗಿತ್ತು, ಇಲ್ಲವೆನ್ನುವಂತಿಲ್ಲ. ಬರುವಾಗ ಅರ್ಧ ಡಜನ್ ಮೊಟ್ಟೆ ತಂದಿದ್ದ. ಅತ್ತೆ ಜಗುಲಿಯಲ್ಲಿ ಕೂತು ಸೊಸೆಯ ಮುಖ ನೋಡಿದರು.

"ಆಗುದೆಲ್ಲ ಒಳ್ಳೇದಕ್ಕೇ ಬಿಡು. ಮೂರು ವಾರದ ರಜೆ ಹೆಂಗೂ ಸಿಕ್ಕಿದೆ. ಮಾವಿನಕಾಯಿ ಉಪ್ಪಿಗೆ ಹಾಕುದು ಅದೆ, ಹಪ್ಪಳ ಅದೆ. ನನ್ನ ಒಬ್ಬಳ ಕೈಲಿ ಆಗ್ತಿರಲಿಲ್ಲ."

ಕಲಾವತಿ ಒಳಗೆ ಹೋಗಿ ಒಲೆ ಹಚ್ಚಿದಳು. ಅನ್ನ ಮಾಡಿದಳು, ಬೇಳೆ ಸಾರು ಮಾಡಿದಳು, ಮೊಟ್ಟೆ ಬೇಯಿಸಿದಳು. ಎಂಟು ಗಂಟೆಗೆ ಎಲ್ಲರೂ ಕೂತಾಗ, ಆ ಮನೆಗೆ ಬಂದ ಹದಿನಾರು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು. ತನಗೂ ಒಂದು ತಾಟು ಇಟ್ಟುಕೊಂಡು ಸಾಲಿನ ಕೊನೆಯಲ್ಲಿ ಕೂತಳು. ಅನ್ನ ಕಲಸಿದಳು. ಎರಡು ತುತ್ತು ಒಳಗೆ ಹೋಯಿತು.

ಮಂಗೇಶನ ತಾಟಿನಲ್ಲಿ ಸಾರು ಮುಗಿಯಿತು. ಅವನು ಅತ್ತ ಇತ್ತ ನೋಡಿದ. "ಬಡಿಸುದ್ಯಾರು ಹಂಗಾದ್ರೆ?" ಎಂದ. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ಗೊತ್ತಿರಲಿಲ್ಲ. ಸಾರಿನ ಪಾತ್ರೆ ಸಂಕೇತನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಹುಡುಗ ಮೊಟ್ಟೆ ಬಿಡಿಸುತ್ತಿದ್ದ.

"ಪೂಜಾ," ಎಂದರು ಅತ್ತೆ, "ಏಳೇ ತಂಗಿ, ಅಪ್ಪಂಗೆ ಸಾರು ಹಾಕು. ಅಣ್ಣಂಗೂ ಅನ್ನ ಬೇಕನಾ ಕೇಳು."

ಹತ್ತು ವರ್ಷದ ಹುಡುಗಿ ಬಾಯಲ್ಲಿದ್ದ ತುತ್ತನ್ನು ಅವಸರದಲ್ಲಿ ನುಂಗಿ, ಎಂಜಲು ಕೈಯನ್ನು ತಾಟಿನ ಅಂಚಿಗೆ ಒರೆಸಿ, ಅರ್ಧ ಎದ್ದಿದ್ದಳು.

"ಕೂತ್ಕ ಮಗಾ," ಎಂದಳು ಕಲಾವತಿ. "ನೀನು ಉಣ್ಣು. ನಾ ಹಾಕ್ತೆ."

ಮೂರನೆಯ ತುತ್ತನ್ನು ತಾಟಿನಲ್ಲೇ ಬಿಟ್ಟು, ನೆಲಕ್ಕೆ ಕೈಯೂರಿ ಎದ್ದಳು.